ಆಯುಧಪೂಜೆಗೆ ಇಟ್ಟ ರಾಕೆಟ್

ನಮ್ಮ ಮನೆಯಲ್ಲಿ ಕೋಲಾವನ್ನು ಯಾರೂ ರುಚಿಗೆಂದು ಕುಡಿಯುವುದಿಲ್ಲ. ಬಾಟಲಿ ಖಾಲಿಯಾಗಬೇಕಲ್ಲ, ಅದಕ್ಕೆ ಕುಡಿಯುತ್ತೇವೆ. ಮನೆಗೆ ಬಂದವರು ಕಾಫಿ ಕೇಳಿದರೂ ಮೊದಲು ಒಂದು ಲೋಟ ಕೋಲಾ ಕೈಗಿಟ್ಟು, "ಇದು ಮುಗಿಸಿ, ಆಮೇಲೆ ಕಾಫಿ" ಎನ್ನುವ ಮಟ್ಟಕ್ಕೆ ನಾನು ಇಳಿದಿದ್ದೇನೆ. ನಾವಿರುವ ಈ ಪರದೇಶದ ಊರಿನ ಜನ ಖಾಲಿ ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು ಹೋಗಿ ಸೂಪರ್‌ಮಾರ್ಕೆಟ್ಟಿನ ಯಂತ್ರದ ಬಾಯಿಗೆ ಒಂದೊಂದಾಗಿ ಹಾಕಿ ಠೇವಣಿ ದುಡ್ಡು ವಾಪಸು ಪಡೆಯುತ್ತಾರೆ. ನಾನು ಹಾಕುವುದಿಲ್ಲ. ನಮ್ಮವು ಹಿತ್ತಲಿನ ಶೆಡ್ಡಿಗೆ ಹೋಗುತ್ತವೆ. ಆ ಶೆಡ್ಡಿಗೆ ನನ್ನ ಗಂಡ "ನಿನ್ನ ತವರುಮನೆ" ಎನ್ನುತ್ತಾನೆ.

ವಾಟರ್ ರಾಕೆಟ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಬಾಟಲಿಯಲ್ಲಿ ಮೂರನೇ ಒಂದು ಪಾಲು ನೀರು ತುಂಬಿ, ಬಾಯಿ ಕೆಳಗೆ ಮಾಡಿ ಸ್ಟ್ಯಾಂಡಿಗೆ ಸಿಕ್ಕಿಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆಯಬೇಕು. ಒತ್ತಡ ಏರಿದ ಮೇಲೆ ದಾರ ಎಳೆದು ಕೊಂಡಿ ಬಿಡಿಸಿದರೆ ನೀರು ಕೆಳಕ್ಕೆ ಚಿಮ್ಮುತ್ತದೆ, ಬಾಟಲಿ ಮೇಲಕ್ಕೆ ಹಾರುತ್ತದೆ. ಮಗಳು ಚಿಕ್ಕ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ಇದನ್ನು ಕಲಿತು ಬಂದು ನನಗೆ ತೋರಿಸಿದಳು. ಅವಳಿಗೆ ಅದು ಒಂದು ವಾರದ ಆಟ. ನನಗೆ ಹುಚ್ಚು ಹಿಡಿಯಿತು.

ಮೊದಲ ರಾಕೆಟ್ಟಿಗೆ ರಟ್ಟಿನ ರೆಕ್ಕೆ ಅಂಟಿಸಿದ್ದೆ. ಇಲ್ಲಿಯ ಜಿಟಿಜಿಟಿ ಮಳೆಗೆ ರಟ್ಟು ಹಳೇ ಹಪ್ಪಳದ ಹಾಗೆ ಮೆತ್ತಗಾಯಿತು. ಆಮೇಲೆ ಒಂದು ಚುನಾವಣೆ ಮುಗಿದ ವಾರ, ಕಂಬಗಳಿಂದ ಇಳಿಸಿದ ಪ್ಲಾಸ್ಟಿಕ್ ಪೋಸ್ಟರ್ ಬೋರ್ಡುಗಳನ್ನು ಕೇಳಿ ತಂದೆ. ಹಗುರ, ಗಟ್ಟಿ, ನೀರಿಗೆ ಜಗ್ಗುವುದಿಲ್ಲ. ಒಂದು ರೆಕ್ಕೆಯ ಮೇಲೆ ಯಾರೋ ಅಭ್ಯರ್ಥಿಯ ಅರ್ಧ ನಗು, ಇನ್ನೊಂದರ ಮೇಲೆ ಅವರ ಟೈ. ಗೆದ್ದವರೋ ಸೋತವರೋ, ನನ್ನ ಕೈಯಲ್ಲಿ ಎಲ್ಲರೂ ಮೇಲೇರಿದರು. ಗಾಳಿಗೆ ಮುರಿದು ಬಸ್ ಸ್ಟಾಪಿನ ಹತ್ತಿರ ಬಿದ್ದಿರುವ ಕೊಡೆಗಳಿಗೆ ಈ ದೇಶದಲ್ಲಿ ಬರವಿಲ್ಲ. ಅವುಗಳ ಬಟ್ಟೆ ಬಿಚ್ಚಿ ಪ್ಯಾರಾಚೂಟ್ ಹೊಲಿದೆ. ಕೊನೆಗೆ ಎರಡು ಬಾಟಲಿಗಳ ತಳ ಕತ್ತರಿಸಿ, ಒಂದರೊಳಗೆ ಒಂದು ಸೇರಿಸಿ, ಉದ್ದನೆಯ ರಾಕೆಟ್ ಮಾಡುವುದಕ್ಕೆ ಕೈ ಹಾಕಿದೆ.

ಈ ಜೋಡಿಸುವ ಕೆಲಸ ಇದೆಯಲ್ಲ, ಅದು ಮಡಿಯ ಅಡುಗೆಗಿಂತ ಕಷ್ಟ. ಅಂಟು ಹಿಡಿಯುವ ಜಾಗವನ್ನು ಸ್ಯಾಂಡ್‌ಪೇಪರಿನಲ್ಲಿ ಒರಟಾಗುವ ತನಕ ಉಜ್ಜಬೇಕು, ಸ್ಪಿರಿಟ್ಟಿನಲ್ಲಿ ಒರೆಸಬೇಕು, ಆಮೇಲೆ ಬೆರಳೂ ತಾಗಿಸಬಾರದು. ಅಂಟು ಒಣಗಿದ ಮೇಲೆ ವಾಟರ್ ಟೆಸ್ಟ್ ಮಾಡಬೇಕು. ಎಂದರೆ, ರಾಕೆಟ್ಟಿಗೆ ಕಂಠಮಟ್ಟ ನೀರು ತುಂಬಿಸಿ ಪಂಪ್ ಹೊಡೆಯುವುದು. ಪೂರ್ತಿ ನೀರಿದ್ದರೆ ಜೋಡಣೆ ಬಿಟ್ಟರೂ ಪುಸ್ ಎನ್ನುತ್ತದೆ, ಕಾಲು ಒದ್ದೆಯಾಗುತ್ತದೆ, ಅಷ್ಟೇ. ಗಾಳಿ ತುಂಬಿರುವಾಗ ಬಿಟ್ಟರೆ ಸಿಡಿಯುತ್ತದೆ. ಟೆಸ್ಟ್ ಆಗದ ರಾಕೆಟ್ಟಿಗೆ ಗಾಳಿ ಹೊಡೆಯಕೂಡದು ಎಂಬುದು ನಮ್ಮ ಮನೆಯಲ್ಲಿ ನಾನೇ ಮಾಡಿದ ಕಾನೂನು. ಟೆಸ್ಟಿನ ದಿನ ನೀರಿನ ಪೈಪ್ ಹಿಡಿಯುವುದು ಮಗಳ ಕೆಲಸ.

ಈ ಸಲ ಆಗಸ್ಟ್ ಕೊನೆಗೆ ಅತ್ತೆ ಮೈಸೂರಿನಿಂದ ಬಂದರು. ಅಲ್ಲಿ ಭಾವನವರ ಮನೆಯಲ್ಲಿ ತುಂಬು ಸಂಸಾರದ ನಡುವೆ ಇರುವವರು, ಮೂರು ತಿಂಗಳ ವೀಸಾದ ಮೇಲೆ ಮೊಮ್ಮಗಳನ್ನು ನೋಡಲು ಬಂದದ್ದು. ಅವರಿಗೂ ನನಗೂ ಅಷ್ಟಕ್ಕಷ್ಟೇ. ನನ್ನ ಸಾರಿಗೆ ಹುಳಿ ಜಾಸ್ತಿ, ಅವರ ಮಾತಿಗೆ ಖಾರ ಜಾಸ್ತಿ. ಮೊದಲ ಶನಿವಾರ ನಾನೂ ಮಗಳೂ ಹತ್ತಿರದ ಮೈದಾನಕ್ಕೆ ಸಾಮಾನು ಹೊತ್ತುಕೊಂಡು ಹೊರಟಾಗ, ಸೀರೆಯ ಮೇಲೆ ಮಗನ ಜಾಕೆಟ್ ಹಾಕಿಕೊಂಡು ಅವರೂ ಹಿಂದೆ ಬಂದರು. ನಾನು ಸ್ಟ್ಯಾಂಡ್ ಹೂಡುವುದನ್ನು ನೋಡುತ್ತಾ ನಿಂತವರು, "ಇದೇನೇ ಇದು, ಕೆಲಸ ಇಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ, ಹಾಗಾಯ್ತು" ಎಂದರು. ನನಗೆ ಮೂಗಿನ ತುದಿಗೆ ಸಿಟ್ಟು ಬಂತು. ಜೋರಾಗಿ ಪಂಪ್ ಹೊಡೆಯತೊಡಗಿದೆ.

ರಾಕೆಟ್ ಹಾರಿತು. ಅತ್ತೆ ಬಾಯಿ ತೆರೆದುಕೊಂಡು ಆಕಾಶ ನೋಡಿದರು. ಅದು ಪ್ಯಾರಾಚೂಟ್ ಬಿಚ್ಚಿಕೊಂಡು ತೇಲುತ್ತಾ ಇಳಿಯುವ ತನಕ ರೆಪ್ಪೆ ಮಿಟುಕಿಸಲಿಲ್ಲ. ಆಮೇಲೆ ಜಾಕೆಟ್ಟಿನ ತೋಳು ಮೇಲೇರಿಸಿ, "ಕೊಡಿಲ್ಲಿ ಪಂಪು. ಸೀಮೆಎಣ್ಣೆ ಸ್ಟೌವಿಗೆ ವರ್ಷಗಟ್ಟಲೆ ಪಂಪ್ ಹೊಡೆದ ಕೈ ಕಣೇ ಇದು" ಎಂದರು.

ಅವತ್ತಿನಿಂದ ಪಂಪ್ ಅವರದು, ದಾರ ಎಳೆಯುವುದು ಮಗಳದು. ಅತ್ತೆ "ಐದು, ನಾಲ್ಕು, ಮೂರು" ಎಂದು ಮೈದಾನಕ್ಕೆಲ್ಲ ಕೇಳುವಂತೆ ಕೂಗುತ್ತಿದ್ದರು. ನಾಯಿ ಸುತ್ತಾಡಿಸಲು ಬರುವ ಮುದುಕರು ನಿಂತು ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷಕ್ಕೆ ನಾನೂ ಅತ್ತೆಯೂ ಜಗಳವಿಲ್ಲದೆ ಸೇರಿ ಮಾಡಿದ ಕೆಲಸ ಅದೊಂದೇ. ಸಂಜೆ ಅಡುಗೆಮನೆಯಲ್ಲಿ, "ಆ ಮೂತಿಗೆ ಇನ್ನೊಂಚೂರು ಭಾರ ಹಾಕು, ನೆಟ್ಟಗೆ ಹೋಗತ್ತೆ" ಎಂದು ನನಗೇ ಸಲಹೆ ಕೊಡುವಷ್ಟು ಮುಂದುವರಿದರು. ನನಗೂ ಅವರ ಮೇಲೆ ಪ್ರೀತಿ ಹುಟ್ಟತೊಡಗಿತ್ತು. ಸುಳ್ಳು ಯಾಕೆ ಹೇಳಲಿ, ಹುಟ್ಟಿತ್ತು.

ಮಗಳ ಟೀಚರಿಗೆ ಸುದ್ದಿ ಮುಟ್ಟಿ, ಅಕ್ಟೋಬರಿನ ಮಿಡ್‌ಟರ್ಮ್ ರಜೆಗೆ ಮುಂಚಿನ ಶುಕ್ರವಾರ ಶಾಲೆಯ ಮೈದಾನದಲ್ಲಿ ಹಾರಿಸಿ ತೋರಿಸುತ್ತೀರಾ ಎಂದು ಕೇಳಿದರು. ಮಗಳು ತರಗತಿಗೆಲ್ಲ ಡಂಗುರ ಹೊಡೆದಳು. ನಾನು ಎರಡು ಬಾಟಲಿಯ ದೊಡ್ಡ ರಾಕೆಟ್ಟೇ ಆಗಬೇಕೆಂದು ಹಟ ಹಿಡಿದೆ. ಆಯುಧಪೂಜೆಯ ಹಿಂದಿನ ದಿನ ಬಾಟಲಿಗಳ ಅಂಚು ಉಜ್ಜಿ, ಒರೆಸಿ, ಅಂಟಿಸಲು ಸಿದ್ಧ ಮಾಡಿ ಇಟ್ಟೆ.

ಆಯುಧಪೂಜೆಯನ್ನು ಅತ್ತೆ ಬಿಡುವವರಲ್ಲ. ಕಾರು, ಸೈಕಲ್ಲು, ಮಿಕ್ಸಿ, ವಾಷಿಂಗ್ ಮೆಷೀನು, ಮಗನ ಲ್ಯಾಪ್‌ಟಾಪು, ಹುಲ್ಲು ಕತ್ತರಿಸುವ ಯಂತ್ರ, ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು. ಬೂದುಗುಂಬಳ ಸಿಗದೆ, ಹ್ಯಾಲೊವೀನಿಗೆಂದು ಅಂಗಡಿಯ ಬಾಗಿಲಲ್ಲೇ ರಾಶಿ ಹಾಕಿದ್ದ ಕಿತ್ತಳೆ ಬಣ್ಣದ ಕುಂಬಳಕಾಯಿಯೊಂದನ್ನು ತಂದು, ಒಳಗೆ ಕುಂಕುಮ ತುಂಬಿ ಕಾರಿನ ಮುಂದೆ ಒಡೆದರು. ಪಕ್ಕದ ಮನೆಯಾಕೆ ಕಿಟಕಿಯಿಂದ ನೋಡಿ ಹೆಬ್ಬೆರಳು ಎತ್ತಿ ತೋರಿಸಿದರು. ಏನು ತಿಳಿದುಕೊಂಡರೋ.

ನಾನು ಆಗ ಆಫೀಸಿನ ಫೋನಿನಲ್ಲಿದ್ದೆ. ಅತ್ತೆ ಶೆಡ್ಡಿನ ಬಾಗಿಲಿಂದ ತಲೆ ಹಾಕಿ, "ರಾಕೆಟ್ಟಿಗೂ ಹಚ್ಚಲೇನೇ?" ಎಂದು ಕೇಳಿದರು. ಫೋನಿಗೆ ಕೈ ಅಡ್ಡ ಹಿಡಿದು, "ಹಚ್ಚಿ ಹಚ್ಚಿ ಅತ್ತೆ, ಏನಾಗಲ್ಲ" ಎಂದೆ. ಇದನ್ನು ನಾನು ಹೇಳಿದೆ. ನನ್ನ ಬಾಯಿಂದಲೇ ಹೇಳಿದೆ.

ನೀರಿನಲ್ಲಿ ಕಲಸಿದ ಕುಂಕುಮ ಪ್ಲಾಸ್ಟಿಕ್ಕಿನ ಮೇಲೆ ನಿಲ್ಲುವುದಿಲ್ಲ. ಅದಕ್ಕೆ ಅವರು ಕೊಬ್ಬರಿ ಎಣ್ಣೆಯಲ್ಲಿ ಕಲಸಿದ್ದರು. ನುಣುಪಾದ ಕಡೆ ಎಣ್ಣೆಯೂ ಜಾರಿತಂತೆ. ನಾನು ಉಜ್ಜಿ ಒರಟು ಮಾಡಿದ್ದ ಅಂಚಿನಲ್ಲಿ ಚೆನ್ನಾಗಿ ಹಿಡಿಯಿತಂತೆ. ಸರಿ, ಆ ಅಂಚಿನ ಸುತ್ತಲೂ ಸಾಲಾಗಿ ಬೊಟ್ಟು. ಪೂಜೆಗಿಟ್ಟ ಆಯುಧವನ್ನು ಅವತ್ತು ಮುಟ್ಟುವಂತಿಲ್ಲ. ಮರುದಿನ ವಿಜಯದಶಮಿ, ಕೆಲಸ ಶುರು ಮಾಡಲು ಅದಕ್ಕಿಂತ ಒಳ್ಳೆಯ ದಿನವಿಲ್ಲ, ಬೆಳಿಗ್ಗೆಯೇ ಅಂಟಿಸು ಎಂದರು.

ಬೆಳಿಗ್ಗೆ ಶೆಡ್ಡಿಗೆ ಹೋಗಿ ನೋಡಿದೆ. ಎಣ್ಣೆ ಅಂಚಿನಲ್ಲಿ ಹರಡಿ ಹೊಳೆಯುತ್ತಿತ್ತು. ನನ್ನ ಹೊಟ್ಟೆಪಾಡಿನ ಕೆಲಸ ಏನೆಂದರೆ, ಕಂಪ್ಯೂಟರ್ ಚಿಪ್ಪು ತಯಾರಾಗುವ ಕಡೆ ಒಂದು ಕಣ ಧೂಳು, ಒಂದು ಬೆರಳಿನ ಜಿಡ್ಡು ತಾಗದಂತೆ ಕಾಯುವುದು. ಜಿಡ್ಡು ಏನು ಮಾಡುತ್ತದೆಂದು ನನಗಿಂತ ಚೆನ್ನಾಗಿ ಆ ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ. ಸ್ಪಿರಿಟ್ ಬಾಟಲಿ ಎದುರಿಗೇ ಇತ್ತು. ಮತ್ತೆ ಉಜ್ಜಿ ಒರೆಸಲು ಅರ್ಧ ಗಂಟೆ ಬೇಕಿತ್ತು, ಕೆಲಸಕ್ಕೆ ಹೊತ್ತಾಗಿತ್ತು. ಅಡುಗೆಮನೆಯ ಟಿಶ್ಯೂ ತಂದು ಒಂದು ಸುತ್ತು ಒರೆಸಿ ಅಂಟು ಹಚ್ಚಿಬಿಟ್ಟೆ. ಹೇಗೂ ವಾಟರ್ ಟೆಸ್ಟಿನಲ್ಲಿ ಗೊತ್ತಾಗುತ್ತದಲ್ಲ ಎಂದುಕೊಂಡೆ.

ಟೆಸ್ಟ್ ಮಾಡಬೇಕಾಗಿದ್ದ ಗುರುವಾರ ಸಂಜೆ ಕೆಲಸದಿಂದ ಸುಸ್ತಾಗಿ ಬಂದಿದ್ದೆ. ಹೊರಗೆ ಅಡ್ಡಮಳೆ, ಮೂಳೆ ಕೊರೆಯುವ ಚಳಿ. ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಸೋಫಾದ ಮೇಲೆ ಕೂತವಳು ಏಳಲಿಲ್ಲ. ಆತುರಗಾರರಿಗೆ ಬುದ್ಧಿ ಮಟ್ಟ ಎಂದು ಗಾದೆ ಇದೆ. ನಾನು ಆತುರವನ್ನೂ ಪಡಲಿಲ್ಲ, ಬರೀ ಸೋಮಾರಿತನ. ನೋಡೋದಕ್ಕೆ ಗಟ್ಟಿಯಾಗಿಯೇ ಇದೆ ಎಂದು ನನಗೆ ನಾನೇ ಹೇಳಿಕೊಂಡೆ.

ಶುಕ್ರವಾರ ಮೈದಾನದ ಅಂಚಿಗೆ ಹಗ್ಗ ಕಟ್ಟಿ ಮಕ್ಕಳನ್ನೆಲ್ಲ ಅದರ ಹಿಂದೆ ನಿಲ್ಲಿಸಿದ್ದರು. ಅತ್ತೆ ರೇಷ್ಮೆ ಸೀರೆ ಉಟ್ಟಿದ್ದರು, ಕಾಲಿಗೆ ಸ್ಪೋರ್ಟ್ಸ್ ಶೂ. ಮಗಳು ಹಗ್ಗದಿಂದ ಈಚೆ, ದಾರ ಹಿಡಿದು, ಗೆಳತಿಯರ ಕಡೆ ಆಗಾಗ ತಿರುಗಿ ನಗುತ್ತಿದ್ದಳು. ಅತ್ತೆ ಪಂಪ್ ಹೊಡೆದರು. ನಾನು ಪಂಪಿನ ಮೇಲಿನ ಒತ್ತಡದ ಮುಳ್ಳು ನೋಡುತ್ತಾ "ಇನ್ನೂ, ಇನ್ನೂ" ಎನ್ನುತ್ತಿದ್ದೆ. ಎಣಿಕೆ ಶುರುವಾಗುವ ಮೊದಲೇ ಢಂ ಎಂದಿತು.

ಮಕ್ಕಳು ಒಮ್ಮೆಗೇ ಕಿರುಚಿದರು. ನೀರು ನನ್ನ ಮುಖಕ್ಕೆ ರಾಚಿತು. ಕಣ್ಣು ಒರೆಸಿಕೊಂಡು ನೋಡಿದರೆ ಮಗಳು ನೆಲದ ಮೇಲೆ ಕೂತಿದ್ದಳು, ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು. ನಾನು ನಿಂತಲ್ಲೇ ಕಲ್ಲಾದೆ. ಓಡಿದ್ದು ಅತ್ತೆ. ಆ ರೇಷ್ಮೆಯ ಸೆರಗನ್ನೇ ಮುದ್ದೆ ಮಾಡಿ ಮಗುವಿನ ಹುಬ್ಬಿಗೆ ಒತ್ತಿಕೊಂಡು, "ಏನಿಲ್ಲ ಪುಟ್ಟಿ, ಏನಿಲ್ಲ, ಅಜ್ಜಿ ಇದೀನಿ" ಎನ್ನುತ್ತಿದ್ದರು.

ಆಸ್ಪತ್ರೆಯಲ್ಲಿ ಹುಬ್ಬಿಗೆ ಹೊಲಿಗೆ ಹಾಕಿದರು. ಡಾಕ್ಟರಮ್ಮ ಒಳ್ಳೆಯವರು, ನಗುನಗುತ್ತಲೇ, ಏಟು ಇನ್ನೊಂದು ಚೂರು ಕೆಳಗೆ ಬಿದ್ದಿದ್ದರೆ ಕಣ್ಣಿಗಾಗುತ್ತಿತ್ತು ಎಂದರು. ಅತ್ತೆಗೆ ಇಂಗ್ಲಿಷ್ ಅಷ್ಟು ಬಾರದು, ಆದರೆ ಡಾಕ್ಟರಮ್ಮ ತಮ್ಮ ಕಣ್ಣು ಮುಟ್ಟಿ ತೋರಿಸಿದ್ದನ್ನು ಕಂಡರು. ಅಷ್ಟರಲ್ಲಿ ಗಂಡ ಏದುಸಿರು ಬಿಡುತ್ತಾ ಬಂದ.

"ಹೇಗೆ ಒಡೀತು? ನೀನು ಅಷ್ಟು ಹುಷಾರಾಗಿ ಮಾಡ್ತೀಯಲ್ಲ?"

ನನ್ನ ಬಾಯಲ್ಲಿ ಬಂದದ್ದು ಇದು: "ಪೂಜೆ ದಿನ ಅಂಚಿಗೆ ಎಣ್ಣೆ ಕುಂಕುಮ ಹಚ್ಚಿದ್ರು. ಅಂಟು ಹಿಡಿದಿಲ್ಲ."

ಒಂದಕ್ಷರವೂ ಸುಳ್ಳಲ್ಲ. ಕೂಗಾಡಲೂ ಇಲ್ಲ, ತಣ್ಣಗೆ ಹೇಳಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಬರೆಯನ್ನು ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ, ಮಗನ ಎದುರಿಗೇ ಅವನ ತಾಯಿಗೆ ಹಾಕಿದೆ.

ಅತ್ತೆಯ ಮುಖ ಬಿಳಿಚಿತು. "ಹೌದಪ್ಪ, ನಾನೇ ಎಣ್ಣೆ ಹಾಕಿ ಕಲಸಿದೆ" ಎಂದರು. ಇವಳನ್ನು ಕೇಳಿಯೇ ಹಚ್ಚಿದೆ ಎಂದು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಹೇಳಲಿಲ್ಲ. ಹೇಳಿದ್ದರೆ ನನಗೆ ಜಗಳವಾಡಲು ಒಂದು ದಾರಿಯಾದರೂ ಸಿಗುತ್ತಿತ್ತು.

ಮನೆಗೆ ಬರುವಾಗ ಕಾರಿನ ಹಿಂದಿನ ಸೀಟಿನಿಂದ ಮಗಳು ಕೇಳಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಲ್ಲಿಯವರ ಇಂಗ್ಲಿಷಿನಲ್ಲಿ, ಅಮ್ಮ ಎನ್ನುವುದಕ್ಕೂ ಇಲ್ಲಿಯ ಮಕ್ಕಳ ಹಾಗೆ 'ಮ್ಯಾಮ್'. "ಮ್ಯಾಮ್, ಡಿಡ್ ವಿ ಡೂ ದ ವಾಟರ್ ಟೆಸ್ಟ್?"

"ನೀನು ಫ್ರೆಂಡ್ ಮನೇಲಿದ್ದೆಯಲ್ಲ, ಆವಾಗ ಮಾಡ್ದೆ ಕಂದ" ಎಂದೆ.

ಅಯ್ಯೋ ದೇವರೇ! ಗಾಯದ ಮೇಲೆ ಬ್ಯಾಂಡೇಜು ಸುತ್ತಿಕೊಂಡ ಮಗುವಿಗೆ, ಗೇರ್ ಬದಲಿಸುವಷ್ಟೇ ಸಲೀಸಾಗಿ ಹಾಗೆ ಹೇಳಿದೆ. ಅವಳು "ಓಕೆ" ಎಂದು ಕಿಟಕಿಗೆ ತಲೆ ಆನಿಸಿದಳು. ಟೆಸ್ಟ್ ಮಾಡಿದ್ದರೂ ಎಣ್ಣೆಯಿಂದಾಗಿ ಆಮೇಲೆ ಬಿಟ್ಟಿರಬೇಕು ಎಂದು ಗಂಡ ತಾನೇ ಸಮಜಾಯಿಷಿ ಹೊಂದಿಸಿಕೊಂಡ.

ಮರುದಿನ ಎದ್ದು ಬಂದಾಗ ಅತ್ತೆ ಪಾತ್ರೆ ತೊಳೆಯುವ ಸೋಪು ಹಿಡಿದು ವಾಷಿಂಗ್ ಮೆಷೀನಿನ ಬೊಟ್ಟು ಉಜ್ಜುತ್ತಿದ್ದರು. ಆಮೇಲೆ ಮಿಕ್ಸಿ, ಸೈಕಲ್ಲು. ಚಳಿಯಲ್ಲಿ ಹೊರಗೆ ನಿಂತು ಕಾರಿನದನ್ನೂ ಅಳಿಸಿದರು. "ಇದಕ್ಕೇನಾಗಲ್ಲ ಬಿಡಿ ಅತ್ತೆ" ಎಂದರೆ, "ಬೇಡ ಕಣಮ್ಮ, ನನಗೆ ತಿಳಿಯಲ್ಲ ಇಲ್ಲಿಯ ಮಷೀನುಗಳು" ಎಂದರು. ಮಧ್ಯಾಹ್ನ ಮಗಳ ಪಕ್ಕದಲ್ಲಿ ಕೂತು ತಮಗೆ ಬರುವ ಇಂಗ್ಲಿಷಿನಲ್ಲಿ, "ಸಾರಿ ಪುಟ್ಟಿ, ಅಜ್ಜಿ ಮಿಸ್ಟೇಕ್" ಎಂದರು. "ಆಹ್, ಯು ಆರ್ ಗ್ರ್ಯಾಂಡ್, ಅಜ್ಜಿ" ಎಂದು, ಎಂದರೆ ಇಲ್ಲಿಯವರ ಮಾತಿನಲ್ಲಿ ಪರವಾಗಿಲ್ಲ ಬಿಡು ಎಂದು, ಅವಳು ಅಜ್ಜಿಯ ತೊಡೆಯ ಮೇಲೆ ಕಾಲು ಚಾಚಿಕೊಂಡಳು. ನಾನು ಒಲೆಯ ಮುಂದೆ ನಿಂತು ಒಗ್ಗರಣೆ ಸೀಯಿಸಿದೆ.

ಹತ್ತಿರ ಹತ್ತಿರ ಒಂದು ತಿಂಗಳು ಹೀಗೇ ಕಳೆಯಿತು. ನಾನು ಅವರಿಗಿಷ್ಟವಾದ ಹೆಸರುಬೇಳೆ ಪಾಯಸ ಮಾಡಿದೆ, ಸಾರಿಗೆ ಹುಳಿ ಕಡಿಮೆ ಮಾಡಿದೆ, ಕಾಲಿಗೆ ಬಿಸಿನೀರಿನ ಚೀಲ ಇಟ್ಟೆ. ನನ್ನ ಉಪಚಾರ ಹೆಚ್ಚಿದಷ್ಟೂ ಅವರು ಕುಗ್ಗಿಹೋದರು. ಇಷ್ಟೆಲ್ಲ ಆದರೂ ಇವಳು ನನ್ನನ್ನು ಒಂದು ಮಾತು ಅನ್ನಲಿಲ್ಲವಲ್ಲ ಎಂದು ಮೈಸೂರಿಗೆ ಫೋನಿನಲ್ಲಿ ಹೇಳುವುದು ನನ್ನ ಕಿವಿಗೆ ಬಿತ್ತು. ಮಗಳ ಸೈಕಲ್ಲಿನ ಚಕ್ರಕ್ಕೆ ಗಾಳಿ ಹೊಡೆಯಲು ಪಂಪ್ ಕೊಟ್ಟರೆ ಕೈ ಹಿಂದೆಗೆದುಕೊಂಡರು. ಅವರ ಖಾರದ ಮಾತಿಗೆ ನಾನು ಹಂಬಲಿಸುವ ಕಾಲ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಹೀಗೇ ಊರಿಗೆ ಹೋಗಿಬಿಟ್ಟರೆ, ತನ್ನ ಪೂಜೆ ಮೊಮ್ಮಗಳ ಕಣ್ಣು ಕಳೆಯುತ್ತಿತ್ತು ಎಂಬುದನ್ನು ಸಾಯುವ ತನಕ ಹೊತ್ತುಕೊಂಡಿರುತ್ತಾರೆ. ಅದನ್ನು ಇಳಿಸಬಲ್ಲವಳು ನಾನೊಬ್ಬಳೇ.

ಹೊರಡುವ ಹಿಂದಿನ ದಿನ ಅವರು ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಾಗ ಎದುರಿಗೆ ಕೂತೆ.

"ಅತ್ತೆ, ಅದು ನಿಮ್ಮಿಂದ ಆಗಿದ್ದಲ್ಲ. ಎಣ್ಣೆ ಕಂಡಿತ್ತು ನನಗೆ. ಸರಿಯಾಗಿ ಒರೆಸ್ಲಿಲ್ಲ. ಟೆಸ್ಟೂ ಮಾಡ್ಲಿಲ್ಲ. ಮಾಡಿದ್ರೆ ಮನೇಲೇ ಬಿಡ್ತಿತ್ತು, ಯಾರಿಗೂ ಏಟು ಬೀಳ್ತಿರ್ಲಿಲ್ಲ. ತಪ್ಪೆಲ್ಲ ನಂದು."

ಅವರು ಬೆಳ್ಳುಳ್ಳಿ ಕೆಳಗಿಟ್ಟು ನನ್ನನ್ನು ನೋಡಿದರು. ಕಣ್ಣಲ್ಲಿ ನೀರು ತುಂಬಿತು. ಬೈಯುತ್ತಾರೆ ಎಂದುಕೊಂಡೆ. ಬೈಯಲಿ ಎಂದು ಆಸೆಪಟ್ಟೆ.

"ಟೆಸ್ಟ್ ಮಾಡಿದ್ದೆ ಅಂತ ಅವತ್ತು ಕಾರಲ್ಲಿ ಮಗುಗೆ ನೀನೇ ಹೇಳಿದೆಯಲ್ಲೇ" ಎಂದರು.

"ಅದು ಸುಳ್ಳು ಅತ್ತೆ. ಅವಳ ಹತ್ರ ಸುಳ್ಳು ಹೇಳಿದೆ."

"ಮಗಳ ಹತ್ರ ಯಾರಾದ್ರೂ ಅಂಥ ಸುಳ್ಳು ಹೇಳ್ತಾರಾ? ಸುಮ್ನಿರು." ನನ್ನ ಗಲ್ಲ ಹಿಡಿದು ನೆಟಿಕೆ ಮುರಿದರು. "ಮುದುಕಿ ಕೊರಗ್ತಾ ವಿಮಾನ ಹತ್ತಬಾರದು ಅಂತ ಹೇಳ್ತಿದೀಯ. ನಾನು ಅಷ್ಟು ದಡ್ಡಿ ಅಲ್ಲ. ಇಷ್ಟು ವರ್ಷ ನಿನ್ನ ಸರಿಯಾಗಿ ಅರ್ಥ ಮಾಡ್ಕೊಳ್ಳಲಿಲ್ಲ ನಾನು, ಅದೊಂದೇ ಬೇಜಾರು."

ಅಯ್ಯೋ ಇಲ್ಲ ಅತ್ತೆ, ದೇವರಾಣೆ ಎಂದೆ. ಆಣೆ ಬೇರೆ ಹಾಕಬೇಡ ಎಂದು ಬಾಯಿ ಮುಚ್ಚಿಸಿದರು. ಸುಳ್ಳು ಹೇಳಿದಾಗ ಒಂದೇ ಏಟಿಗೆ ನಂಬಿದ ಜನ, ನಿಜ ಹೇಳಿದಾಗ ನಂಬದಿದ್ದರೆ ಏನು ಮಾಡುವುದು? ಮಗಳನ್ನು ಕರೆದು ಎದುರಿಗೆ ನಿಲ್ಲಿಸಿ ಹೇಳಿದ್ದರೆ ನಂಬುತ್ತಿದ್ದರು. ಅವಳು ಮೇಲಿನ ಕೋಣೆಯಲ್ಲೇ ಇದ್ದಳು. ಮೆಟ್ಟಿಲ ತನಕ ಹೋದೆ. ಕರೆಯಲಿಲ್ಲ.

ವಿಮಾನ ನಿಲ್ದಾಣದಲ್ಲಿ ಅತ್ತೆಗೆ ಗಾಲಿಕುರ್ಚಿ ಬುಕ್ ಮಾಡಿದ್ದೆವು. ಕಾಲು ಗಟ್ಟಿಯಾಗೇ ಇದೆ, ಆದರೆ ಕುರ್ಚಿ ತಳ್ಳುವವರಿದ್ದರೆ ಭಾಷೆ ಬಾರದೆಯೂ ಸರಿಯಾದ ಗೇಟು ಸೇರಬಹುದು. ನಮ್ಮ ಕಡೆಯ ಅಮ್ಮಂದಿರೆಲ್ಲ ಹಾಗೇ ಹೋಗುವುದು. ಸೂಟ್‌ಕೇಸುಗಳನ್ನು ಒಪ್ಪಿಸಿ, ಅಮ್ಮನ ಕಾಲಿಗೆ ನಮಸ್ಕರಿಸಿ, ಗಂಡ ಕಾರು ತರಲು ಹೋದ. ತಪಾಸಣೆಯ ಬಾಗಿಲಲ್ಲಿ ಅತ್ತೆ ಮಗಳನ್ನು ಹತ್ತಿರ ಕರೆದರು. ಹೊಲಿಗೆ ಬಿಚ್ಚಿದ ಹುಬ್ಬಿಗೆ ಮುತ್ತಿಟ್ಟರು.

"ನಿಮ್ಮಮ್ಮನ್ನ ಚೆನ್ನಾಗಿ ನೋಡ್ಕೋ ಪುಟ್ಟಿ. ನನಗೆ ನೋವಾಗಬಾರದು ಅಂತ, ಆ ಟೆಸ್ಟೇ ಮಾಡಿರ್ಲಿಲ್ಲ ಅಂತ ಹೇಳಿ ತಪ್ಪೆಲ್ಲ ತನ್ನ ಮೇಲೆ ಹಾಕ್ಕೊಂಡ್ಳು. ಇಂಥ ಸೊಸೆ ಯಾರಿಗೆ ಸಿಕ್ತಾಳೆ ಹೇಳು?"

ಕುರ್ಚಿ ಒಳಗೆ ಹೊರಟಿತು. ಮಗಳು ನನ್ನ ಕಡೆ ತಿರುಗಿದಳು.

"ಮ್ಯಾಮ್. ಡಿಡ್ ಯು ಡೂ ಇಟ್?"

"ಇಲ್ಲ" ಎಂದೆ.

"ದೆನ್ ಟೆಲ್ ಹರ್! ಶಿ ಈಸ್ ಸ್ಟಿಲ್ ದೇರ್!"

ಗಾಜಿನ ಗೇಟಿನ ತನಕ ಓಡಿದೆ. ಅದರಾಚೆ ಬಿಡುವುದಿಲ್ಲ. "ಅತ್ತೇ! ಅತ್ತೇ!" ಎಂದು ಜನರೆಲ್ಲ ತಿರುಗಿ ನೋಡುವಂತೆ ಕೂಗಿದೆ. ಕುರ್ಚಿ ನಿಂತಿತು. ಅವರು ಹಿಂದಕ್ಕೆ ಬಾಗಿ ನೋಡಿದರು. ನನ್ನ ಕಣ್ಣೀರು ಕಂಡಿರಬೇಕು.

"ಅಳಬೇಡ ಕಣೇ, ಮುಂದಿನ ವರ್ಷ ಬರ್ತೀನಿ!" ಎಂದು ಕೈ ಬೀಸಿದರು. ಆಮೇಲೆ ಕುರ್ಚಿ ತಳ್ಳುವ ಹುಡುಗನಿಗೆ ನನ್ನನ್ನು ತೋರಿಸಿ, ಗಟ್ಟಿಯಾಗಿ, ಹೆಮ್ಮೆಯಿಂದ ಹೇಳಿದರು: "ಮೈ ಡಾಟರ್ ಇನ್ ಲಾ. ವೆರಿ ಗುಡ್ ಗರ್ಲ್."

ಅವನು ನನ್ನತ್ತ ನೋಡಿ ನಕ್ಕು, ತಲೆದೂಗಿ, ಕುರ್ಚಿ ತಳ್ಳಿಕೊಂಡು ಹೋದ. ಹಿಂತಿರುಗಿ ನೋಡಿದರೆ ಮಗಳು ಬಿಟ್ಟ ಜಾಗದಲ್ಲೇ ನಿಂತಿದ್ದಳು. ಕೈ ಚಾಚಿದೆ. ಅವಳು ಕೈ ಕೊಡಲಿಲ್ಲ.